ಡಬ್ಬಿಯೊಳಗೆ ಹೋದ ಹೆಸರು

ಹೊಸಬರೊಬ್ಬರು ಸೇರಿದರೆ ಅವರ ಕಂಪ್ಯೂಟರನ್ನು ಕೆಲಸಕ್ಕೆ ಅಣಿಮಾಡಲು ಆ ಪುಟ್ಟ ಆಫೀಸಿಗೆ ತಗಲುತ್ತಿದ್ದ ಖರ್ಚು ಇಷ್ಟು: ಅವರದೊಂದು ವಾರ, ಹಿರಿಯ ಪ್ರೋಗ್ರಾಮರನ ಅರ್ಧ ವಾರ, ಇಬ್ಬರ ತಾಳ್ಮೆಯೂ ಪೂರ್ತಿ. ಈ ಕಂಪ್ಯೂಟರಿನಲ್ಲಿ ಓಡಿದ್ದು ಆ ಕಂಪ್ಯೂಟರಿನಲ್ಲಿ ಓಡದು; ಒಂದನ್ನು ಸರಿಮಾಡಿದರೆ ಇನ್ನೊಂದು ಮುನಿಸಿಕೊಳ್ಳುವುದು. ಬೇಸತ್ತ ಹಿರಿಯ, ತಾವು ತಯಾರಿಸುತ್ತಿದ್ದ ಔಷಧಿ ಅಂಗಡಿಗಳ ಸಾಫ್ಟ್‌ವೇರಿಗೆ ಬೇಕಾದ ಸಕಲವನ್ನೂ ತನ್ನ ಕಂಪ್ಯೂಟರಿನಿಂದ ಎತ್ತಿ, ಕಂಟೇನರ್ ಎಂಬ ಒಂದೇ ಕಟ್ಟಿನಲ್ಲಿ ತುಂಬಿಟ್ಟ. ಅದನ್ನು ತೆರೆದರೆ ಸಾಕು, ಯಾರ ಕಂಪ್ಯೂಟರಿನಲ್ಲಾದರೂ ಕೆಲಸ ಶುರು. ಆಫೀಸಿನವರು ಅದಕ್ಕೆ ಡಬ್ಬಿ ಎಂದರು.

ಡಬ್ಬಿಯನ್ನು ಮೊದಲು ತೆರೆದವಳು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಬಂದ ಹೊಸಬಳು. ವಯಸ್ಸಿನಲ್ಲಿ ತನಗಿಂತ ಹಿರಿಯಳೆಂದು ಅವನು ಅವಳನ್ನು ಅಕ್ಕ ಎನ್ನುತ್ತಿದ್ದ. ಅವಳು ಅವನನ್ನು ಸರ್ ಎನ್ನುತ್ತಿದ್ದಳು.

ಅವಳ ಪ್ರೊಬೇಷನ್ ಮುಗಿಯುವ ದಿನ ಆಫೀಸಿನ ಯಜಮಾನಿ ಅವನನ್ನು ಕೋಣೆಗೆ ಕರೆದರು.

“ಆಯಮ್ಮನ್ನ ಇಟ್ಕೊಳ್ಳೋದು ಕಷ್ಟ ಕಣಪ್ಪ. ಮಾಡಿದ ಕೆಲಸದ ಪಟ್ಟಿ ನೋಡು. ಅವರ ಹೆಸರಲ್ಲಿ ಒಂದೇ ಒಂದು ಸಾಲಿಲ್ಲ. ನೀನು ನೋಡಿದ್ರೆ ಇಬ್ಬರ ಕೆಲಸ ಒಬ್ಬನೇ ಎಳೀತಿದೀಯ. ಯಾವಾಗಪ್ಪ ಮಲಗ್ತೀಯ?”

ಹೊಗಳಿಕೆಗೆ ಅವನ ಮುಖ ಅರಳಿತು. ಅರಳಿದ್ದು ಅರ್ಧಕ್ಕೇ ನಿಂತಿತು. ದಿನವಿಡೀ ತಲೆ ಎತ್ತದೆ ಕೂರುವ ಅಕ್ಕ ಏನೂ ಮಾಡಿಲ್ಲವೇ? ಪರದೆಯ ಕಡೆ ಬಗ್ಗಿ ನೋಡಿದ. ಅವಧಿ ಮೀರಿದ ಮಾತ್ರೆಗಳನ್ನು ತಾನಾಗಿಯೇ ಬೇರ್ಪಡಿಸುವ ಭಾಗ ಅವನ ಹೆಸರಿನಲ್ಲಿತ್ತು. ತನ್ನ ಕೈಗೆ ಹತ್ತದೆ ಅದನ್ನು ಅಕ್ಕನ ತಲೆಗೆ ಕಟ್ಟಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

ಆಗ ಹೊಳೆಯಿತು. ಡಬ್ಬಿ ತುಂಬುವ ಭರದಲ್ಲಿ, ಕೆಲಸ ಯಾರದೆಂದು ಪಟ್ಟಿಗೆ ತಿಳಿಸುವ, ತನ್ನ ಹೆಸರಿದ್ದ ಫೈಲನ್ನೂ ಒಳಗೆ ಸೇರಿಸಿಬಿಟ್ಟಿದ್ದ. ಅದರೊಳಗೆ ಯಾರು ಏನು ಮಾಡಿದರೂ ಹೊರಗೆ ಬರುವಾಗ ಅವನದೇ ಹೆಸರು.

“ಮೇಡಂ, ಇದರಲ್ಲಿ ಮುಕ್ಕಾಲು ನನ್ನದಲ್ಲ, ಅಕ್ಕಂದು. ಡಬ್ಬಿ ಕಟ್ಟೋವಾಗ ನಾನೇ ಎಡವಟ್ಟು ಮಾಡಿದೀನಿ.”

“ಅಯ್ಯೋ ಪುಣ್ಯಾತ್ಮ! ಇನ್ನೊಂದು ಗಳಿಗೆ ಬಿಟ್ಟಿದ್ರೆ ಅವರನ್ನ ಮನೆಗೆ ಕಳಿಸಿ ನಿನಗೆ ಬಡ್ತಿ ಕೊಡ್ತಿದ್ದೆನಲ್ಲೋ!”

ಅವನು ನೆಟ್ಟಗೆ ಅವಳ ಮೇಜಿನ ಹತ್ತಿರ ಬಂದ.

“ಅಕ್ಕಾ, ನೀವು ಮಾಡಿದ್ದೆಲ್ಲ ನನ್ನ ಹೆಸರಲ್ಲಿ ಹೋಗ್ತಿತ್ತು. ನೋಡಲಿಲ್ವಾ?”

“ಮೊದಲನೇ ದಿನವೇ ನೋಡ್ದೆ ಸರ್.”

“ಮತ್ತೆ ಬಾಯಿ ಬಿಡೋದಲ್ವಾ?”

“ಹಿಂದೆ ನಾನಿದ್ದ ಕಡೆ ಹಾಗೇ ಇತ್ತು. ಮಾಡೋದು ನಾವು, ಹೆಸರು ದೊಡ್ಡವರದು. ಇಲ್ಲಿ ಪಾಪ, ಆ ಹೆಸರು ಬರೆಯೋ ಶ್ರಮಾನೂ ನಮಗೆ ಬೇಡ ಅಂತ ಡಬ್ಬಿಗೇ ಕಲಿಸಿದಾರೆ ಅಂದ್ಕೊಂಡೆ.”

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನನ್ನ ಹೆಸರಿಗೆ ಹೋಗುತ್ತೆ ಅಂತ ಗೊತ್ತಿದ್ದೂ ಅಷ್ಟು ಅಚ್ಚುಕಟ್ಟಾಗಿ ಯಾಕೆ ಮಾಡಿದ್ರಿ?”

“ಅದಕ್ಕೇ ಸರ್. ನಾನು ತಪ್ಪು ಮಾಡಿ ನೀವು ಬೈಸ್ಕೋಬಾರದಲ್ಲ.”

ಅವನು ಪಕ್ಕದ ಕುರ್ಚಿ ಎಳೆದು ಕೂತ. ಇಬ್ಬರೂ ಸೇರಿ ಡಬ್ಬಿಯಿಂದ ಅವನ ಹೆಸರು ತೆಗೆದರು, ಪಟ್ಟಿಯನ್ನು ಮೇಲಿಂದ ಕೆಳಗೆ ತಿದ್ದಿದರು. ಅಕ್ಕನ ಕೆಲಸ ಕಾಯಂ ಆಯಿತು. ಅವನ ಪಾಲಿಗೆ ಉಳಿದದ್ದು ಕಾಲು ಭಾಗ. ಅದರಲ್ಲೂ ಎರಡು ಕಡೆ ತಪ್ಪಿದೆಯೆಂದು ಅಕ್ಕ ಮೆಲ್ಲಗೆ ತೋರಿಸಿದಳು.