ಪಿನ್ನು ಕೀಳುವ ಕೈ

ಕರೆಂಟ್ ಬಂದಿತ್ತು, ಪಾಲಿಶ್ ಮಷಿನ್ ಮಾತ್ರ ಸುಮ್ಮನೆ ಬಿದ್ದಿತ್ತು. ಮಾಳಿಂಗ ಗೋಡೆಯ ಕಡೆ ನೋಡಿದ. ಬೋರ್ಡಿನಿಂದ ಮಷಿನ್ನಿನ ಪಿನ್ನು ಮತ್ತೆ ಕಿತ್ತು ಬಂದಿತ್ತು. ಯಾರೋ ವೈರನ್ನು ಅಚ್ಚುಕಟ್ಟಾಗಿ ಸುತ್ತಿ ಮೊಳೆಗೆ ನೇತುಹಾಕಿದ್ದರು. ಕರೆಂಟ್ ಹೋದಾಗಲೆಲ್ಲ ಈಚೆಗೆ ಹೀಗೇ ಆಗುತ್ತಿತ್ತು. ಆದರೆ ಇವತ್ತು ಅವನು ಅಂಗಡಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಅರೆಬರೆ ಉಜ್ಜಿದ ಸಾಗವಾನಿ ಬಾಗಿಲಿನ ಪಕ್ಕದಲ್ಲೇ ಅಡ್ಡಾಗಿದ್ದ. ಎದ್ದು ಹೋಗಿ ಚಿಲಕ ನೋಡಿದ, ಹಾಕಿದ ಹಾಗೇ ಇತ್ತು.

ಬೋರ್ಡಿನ ಕೆಳಗೆ, ಗೋಡೆಗೆ ಮೆತ್ತಿದ್ದ ಮರದ ಧೂಳಿನಲ್ಲಿ, ಒಂದು ಎಡಗೈ ಮೂಡಿತ್ತು. ಎಲ್ಲ ಬೆರಳೂ ಪೂರ್ತಿ, ತೋರುಬೆರಳು ಮಾತ್ರ ಅರ್ಧ. ಹೂವಿನ ಹಿಪ್ಪರಗಿಯಲ್ಲಿ ಅಂಥ ಕೈ ಇದ್ದದ್ದು ಒಬ್ಬರಿಗೇ: ಈ ಅಂಗಡಿಯ ಯಜಮಾನರೂ ಮಾಳಿಂಗನಿಗೆ ಕೆಲಸ ಕಲಿಸಿದವರೂ ಆದ ಉಸ್ತಾದ್ ಅಮೀನುದ್ದೀನರಿಗೆ. ರಂಜಾನಿಗೆ ಮೊದಲೇ ಅವರನ್ನು ಮಣ್ಣು ಮಾಡಿ ಬಂದಾಗಿತ್ತು. ಆಗ ಮಣ್ಣು ಹಾಕಿದವರಲ್ಲಿ ಮಾಳಿಂಗನೂ ಇದ್ದ.

ಆ ಅರ್ಧ ಬೆರಳನ್ನು ತಿಂದದ್ದು ಇಂಥದೇ ಮಷಿನ್. ಸ್ವಿಚ್ಚು ಒತ್ತಿ ಹಿಡಿದರಷ್ಟೇ ಅದರ ಚಕ್ರ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ದಿನವಿಡೀ ಒತ್ತಿ ಹಿಡಿದರೆ ಕೈ ಸೋಲುತ್ತದೆಂದು ಉಸ್ತಾದರೂ ಒಂದು ಕಾಲಕ್ಕೆ ಸ್ವಿಚ್ಚಿಗೆ ಚಿಂದಿ ಸುತ್ತಿ ಬಿಗಿಯುತ್ತಿದ್ದರು. ಒಂದು ದಿನ ಕರೆಂಟ್ ಹೋಗಿದೆಯಲ್ಲ ಎಂದು ಚಕ್ರಕ್ಕೆ ಅಂಟಿಸಿದ, ಮರ ಉಜ್ಜುವ ಪೇಪರು ಬದಲಿಸಲು ಕೂತಾಗ ಕರೆಂಟ್ ಬಂತು, ಬೆರಳು ಹೋಯಿತು. "ಲೈಟ್ ಹೋತಂದ್ರ ಮೊದಲ ಪಿನ್ನ ಕೀಳು. ಅದು ಹೇಳಿ ಬರೂದಿಲ್ಲ" ಎನ್ನುವುದು ಆಮೇಲೆ ಅವರಿಗೆ ಬಿಸ್ಮಿಲ್ಲಾದಷ್ಟೇ ರೂಢಿಯಾಗಿತ್ತು. ಅವರಿರುವ ತನಕ ಮಾಳಿಂಗ ಕೋಲೆ ಬಸವನ ಹಾಗೆ ತಲೆಯಾಡಿಸಿದ. ಅವರು ಹೋದ ಮರುವಾರವೇ ಹೆಂಡತಿಯ ಹಳೆ ಸೀರೆಯ ಅಂಚು ಹರಿದು ತಂದು ಸ್ವಿಚ್ಚಿಗೆ ಸುತ್ತಿದ. ಗುರುವಿಗೇ ತಿರುಮಂತ್ರ.

ಅಂಗಡಿಯ ಹಿಂದೆಯೇ ಉಸ್ತಾದರ ಮನೆ. ನಡುವಿನ ಗೋಡೆಯಲ್ಲಿ ಒಂದು ಜಾಲಂದ್ರವಷ್ಟೇ. ಮಾಳಿಂಗ ಕರೆದಾಗ ಉಸ್ತಾದರ ಹೆಂಡತಿ ಮಾಬುಬಿ ಅಕ್ಕಿ ಹಸನು ಮಾಡುವುದನ್ನು ಬಿಟ್ಟು ಬಂದಳು. ಗೋಡೆಯ ಮೇಲಿನ ಕೈಗೆ ತನ್ನ ಅಂಗೈಯನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು ಬಹಳ ಹೊತ್ತು ನಿಂತಳು.

"ಅವರದ," ಅಂದಳು. "ನನ್ನ ಕಡಿ ಕನಸಿನ್ಯಾಗೂ ಒಮ್ಮಿ ಬರಲಿಲ್ಲ. ನಿನ್ನ ಕಡಿ ದಿನಾ ಬರಾಕತ್ತಾರ." ಅವಳಿಗೆ ಹೊಟ್ಟೆಕಿಚ್ಚಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

"ನನಗ ಅಂಜಿಕಿ ಬರತೈತ್ರಿ ಚಾಚಿ. ಹಿಂಗ ಆದ್ರ ನಾ ಅಂಗಡಿ ಬಿಟ್ಟ ಹೋಗ್ತೇನ್ರಿ."

"ಏನರ ಕೆಟ್ಟದ್ದ ಮಾಡ್ಯಾರೇನ ತಮ್ಮಾ ನಿನಗ?"

"ಇಲ್ರಿ. ಪಿನ್ನಷ್ಟ ಕೀಳ್ತಾರ."

"ಕೀಳಲಿ ಬಿಡು. ನಿನ್ನ ಗಂಟೇನ ಹೋಗತೈತಿ?"

"ಸತ್ತವರು ಹಿಂಗ ತಿರಗಬಾರದ್ರಿ. ಅವರಿಗೂ ನೆಮ್ಮದಿ ಬ್ಯಾಡೇನ್ರಿ?"

ಆ ಮಾತು ಮಾಬುಬಿಗೆ ತಾಗಿತು. ಗುರುವಾರ ಅವಳು ಮಲೀದಾ ಸಿಹಿ ಮಾಡಿ, ಮುಲ್ಲಾನನ್ನು ಕರೆಸಿ ಗಂಡನ ಹೆಸರಿನಲ್ಲಿ ಫಾತೆಹಾ ಓದಿಸಿದಳು. ಸಂಜೆ ಹೂವು, ಊದು ಹಿಡಿದು ಇಬ್ಬರೂ ಕಬರಸ್ತಾನಕ್ಕೆ ಹೋದರು. ಹೆಂಗಸರು ಒಳಗೆ ಹೋಗುವ ಪದ್ಧತಿಯಿಲ್ಲವೆಂದು ಅವಳು ಗೇಟಿನಲ್ಲೇ ನಿಂತಳು. ಮಾಳಿಂಗ ಚಪ್ಪಲಿ ಬಿಟ್ಟು ಹೋಗಿ ಗೋರಿಯ ತಲೆಯ ಕಡೆ ಊದು ಹಾಕಿದ.

"ಉಸ್ತಾದ್, ಇನ್ನ ನನ್ನ ಚಿಂತಿ ಬಿಡ್ರಿ. ಕೆಲಸಾ ಎಲ್ಲಾ ಕಲ್ತೇನಿ. ನೀವು ಬರಬ್ಯಾಡ್ರಿ, ಆರಾಮ್ ಮಲ್ಕೋರಿ."

ಗಾಳಿಯ ಸುಳಿವಿರಲಿಲ್ಲ. ಆದರೂ ಊದಿನ ಹೊಗೆ ಬಗ್ಗಿ ಬಂದು ಅವನ ಎಡಗೈಯ ಬೆರಳುಗಳನ್ನು ಒಂದು ಸಲ ಸುತ್ತಿತು, ಆಮೇಲೆ ಮಣ್ಣಿಗಿಳಿಯಿತು. ಅವನು ಕೈಯನ್ನು ಜೇಬಿನಲ್ಲಿ ಹಾಕಿಕೊಂಡು ಸರಸರನೆ ಹೊರಗೆ ಬಂದ.

"ಏನಂದ್ರು?" ಎಂದು ಕೇಳಿದಳು ಮಾಬುಬಿ.

"ಏನೂ ಅನ್ನಲಿಲ್ರಿ."

"ಅವರು ಹಂಗ. ಹೋಗಂದ್ರ ಹೋಗೂ ಮನಶ್ಯಾ. ಎರಡನೇ ಸಲ ಹೇಳೂದ ಬ್ಯಾಡ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ನಡೆದಳು.

ಮರುದಿನ ಗೋಡೆಯ ಮೇಲಿನ ಕೈ ಇರಲಿಲ್ಲ. ಧೂಳು ಮೊದಲಿನ ಹಾಗೇ ಒಂದೇ ಸಮನೆ ಮೆತ್ತಿತ್ತು. ನಿಡಗುಂದಿಯ ಗಿರಾಕಿಯ ಬಾಗಿಲನ್ನು ಅರ್ಧ ಉಜ್ಜುವಷ್ಟರಲ್ಲಿ ಕರೆಂಟ್ ಹೋಯಿತು. ಹೇಗೂ ಪೇಪರು ಸವೆದಿತ್ತು. ಮಾಳಿಂಗ ಮಷಿನ್ನನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡ. ಸೀರೆಯ ಅಂಚು ಸ್ವಿಚ್ಚಿಗೆ ಸುತ್ತಿದ ಹಾಗೇ ಇತ್ತು. ಅಳುಕುತ್ತ ಗೋಡೆಯ ಕಡೆ ನೋಡಿದ. ಪಿನ್ನು ಬೋರ್ಡಿನಲ್ಲೇ ಇತ್ತು. ಸ್ವಲ್ಪ ಹೊತ್ತು ಕಾದ. ಯಾರೂ ಬರಲಿಲ್ಲ, ವೈರು ಅಲುಗಲಿಲ್ಲ. ಎಷ್ಟೋ ದಿನಗಳ ಮೇಲೆ ಅವನ ಎದೆ ಹಗುರಾಯಿತು.

"ಚಾಚಿ, ಉಸ್ತಾದ್ ಹೋದ್ರು ನೋಡ್ರಿ," ಎಂದು ಜಾಲಂದ್ರದ ಕಡೆ ಕೂಗಿದ. "ಪಿನ್ನ ಹಂಗ ಐತಿ."

ಆಚೆಯಿಂದ ಉತ್ತರ ಬರಲಿಲ್ಲ. ಹಳೆಯ ಪೇಪರು ಚಕ್ರಕ್ಕೆ ಕಚ್ಚಿಕೊಂಡು ಕೂತಿತ್ತು. ಎಡಗೈಯ ಬೆರಳುಗಳಿಂದ ಚಕ್ರದ ಅಂಚನ್ನು ಗಟ್ಟಿಯಾಗಿ ಹಿಡಿದು, ಬಲಗೈಯಿಂದ ಕೀಳತೊಡಗಿದ. ಮಾಬುಬಿ ಏಕೆ ಮಾತಾಡಲಿಲ್ಲವೆಂದು ತಲೆಯೆತ್ತಿ ನೋಡಿದ.

ಜಾಲಂದ್ರದಾಚೆ, ಕರೆಂಟಿಲ್ಲದೆ ನಿಂತಿದ್ದ ಅವಳ ಮನೆಯ ಫ್ಯಾನಿನ ರೆಕ್ಕೆ ಅಲುಗಿತು.