ಪರೀಕ್ಷೆಯ ದಿನದ ಮೆಹಂದಿ

ಮದುವೆ ಮನೆಗಳಲ್ಲಿ ಹಸಿ ಮೆಹಂದಿಯ ವಾಸನೆ ಬಂದರೆ ನಾನು ಇಂದಿಗೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತೇನೆ.

ಅಫಜಲಪುರದ ಕಡೆಯ ನಮ್ಮೂರ ಹೈಸ್ಕೂಲಿನಲ್ಲಿ ಆಗ ಒಂಬತ್ತನೇ ತರಗತಿ. ಚಹಾ ಆರಿತ್ತೆಂದು ಅಪ್ಪ ತೊಗರಿ ಕಟ್ಟಿಗೆಯಿಂದ ಹೊಡೆದಿದ್ದ. ಅಂಗೈ ತುಂಬ ಬಾಸುಂಡೆ ಎದ್ದಿದ್ದವು. “ಸಾಲ್ಯಾಗ ಯಾರರೆ ನೋಡಿದ್ರ ಮನಿ ಮರ್ಯಾದಿ ಹೋಗ್ತದ,” ಎಂದು ಅವ್ವ ಅವುಗಳ ಮೇಲೆಯೇ ಮೆಹಂದಿ ಮೆತ್ತಿದಳು. ನಾನು ಅತ್ತರೆ, “ತಂಪಾಗ್ತದ, ಸುಮ್ಕಿರ್ ಬೇ,” ಎಂದು ಊದುತ್ತ ಕೂತಳು.

ಮರುದಿನ ಮಧ್ಯಾಹ್ನ ಗಣಿತದ ಪರೀಕ್ಷೆ. ಬೆರಳು ಮಡಚಲಾಗದೆ ಪೆನ್ನು ಜಾರುತ್ತಿತ್ತು. ಏಳನೇ ತರಗತಿಯಲ್ಲಿ ಕ್ಲಾಸಿಗೇ ಮೊದಲಿದ್ದವಳು ಖಾಲಿ ಹಾಳೆ ಕೊಟ್ಟೆ. ಮೇಡಂ ನನ್ನ ಕೆಂಪು ಕೈ ಎತ್ತಿ ಎಲ್ಲರಿಗೂ ತೋರಿಸಿದರು.

“ನೋಡ್ರಿಲ್ಲಿ, ಪರೀಕ್ಷಾದಾಗ ಈಕಿಗಿ ಸಿಂಗಾರ ಬೇಕಾಗ್ಯಾದ!”

ಹುಡುಗಿಯರು ನಕ್ಕರು. ನಾನೂ ನಕ್ಕೆ.

ಶಾಲೆ ಬಿಡುವ ಹೊತ್ತಿಗೆ ಅಪ್ಪನನ್ನು ಕರೆಸಿದರು. “ಓದಿನ ಮ್ಯಾಲ ಲಕ್ಷ್ಯಾನೇ ಇಲ್ರಿ ಈಕಿದು. ಮನ್ಯಾಗ ಸ್ವಲ್ಪ ಅಂಜಿಕಿ ಹಾಕ್ರಿ.”

“ಹೌದ್ರಿ ಮೇಡಂ, ಹಾಕ್ತೇನ್ರಿ,” ಎಂದು ಅಪ್ಪ ಕೈಮುಗಿದ.

ಆ ಸಂಜೆ ಅವ್ವ ಮತ್ತೆ ಮೆಹಂದಿ ಎಲೆ ಅರೆಯಲು ಕೂತಳು.