ಫ್ರಿಡ್ಜ್ ತಣ್ಣಗಾಯಿತು... ಸುಗುಣ ಬರಲಿಲ್ಲ

ಅವಸರವಿದ್ದರೆ ಆಮೇಲೆ ಓದಿ... ಆದರೆ ನಿಮ್ಮ ಮನೆಗೆ ಕೆಲಸಕ್ಕೆ ಯಾರಾದರೂ ಬರುತ್ತಿದ್ದರೆ ಖಂಡಿತ ಓದಿ.

ಮಂಗಳೂರಿನಲ್ಲಿ ಮೋಹನ್‌ದಾಸ್ ಎಂಬ ಬಿಲ್ಡರ್. ತಾನೇ ಕಟ್ಟಿಸಿದ ಅಪಾರ್ಟ್‌ಮೆಂಟಿನ ಕೊನೆಯ ಮಹಡಿ ಇಡೀ ಅವನದೇ.

ಅಡುಗೆಮನೆಯ ಗೋಡೆಯೊಳಗೆ ಕೂರಿಸಿದ ವಿದೇಶಿ ಫ್ರಿಡ್ಜ್ ಎಂದರೆ ಅವನಿಗೆ ಪ್ರಾಣ. ಬೀರುವಿಗಿಂತ ಎತ್ತರ... ಬಂದವರಿಗೆ ನೀರು ಕೊಡುವುದು ಮರೆತರೂ ಫ್ರಿಡ್ಜ್ ಯಾವ ದೇಶದ್ದು ಎಂದು ಹೇಳುವುದನ್ನು ಮರೆಯುತ್ತಿರಲಿಲ್ಲ.

ಅದಕ್ಕೂ ವಯಸ್ಸಾಗಿತ್ತು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಒಳಗೆಲ್ಲ ಬೆಚ್ಚಗೆ... ಹಾಲು ಒಡೆದಿತ್ತು, ಮೀನು ನಾರುತ್ತಿತ್ತು.

ಮೋಹನ್‌ದಾಸ್ ಹಿಂದೆಮುಂದೆ ನೋಡಲಿಲ್ಲ. ಅಡುಗೆಯ ಸುಗುಣಳನ್ನು ಕರೆದು, ನೀನೇ ಬಾಗಿಲು ಸರಿಯಾಗಿ ಹಾಕದೆ ಹಾಳು ಮಾಡಿದ್ದು ಎಂದ. ಅವಳು ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಎದುರುತ್ತರ ಬೇರೆಯಾ ಎಂದು ಗದರಿ, ಅವತ್ತೇ ಕೆಲಸದಿಂದ ಬಿಡಿಸಿದ.

ಆ ಮನೆಯ ಮಕ್ಕಳಿಬ್ಬರೂ ಸುಗುಣಳ ಕೈಯ ಗಂಜಿ ಉಂಡು ಬೆಳೆದವರು.

ಹೆಂಡತಿ ವಿನೋದಿನಿ ಪಕ್ಕದಲ್ಲೇ ನಿಂತಿದ್ದಳು. ತುಟಿ ಬಿಚ್ಚಲಿಲ್ಲ...

ಆದರೆ ಫ್ರಿಡ್ಜನ್ನು ಬಿಡಲು ಮೋಹನ್‌ದಾಸ್‌ಗೆ ಮನಸ್ಸು ಬರಲಿಲ್ಲ. ತುಂಬ ಹಳೆಯದಾಯಿತು, ಹೊಸದು ತೆಗೆದುಕೊಳ್ಳಿ ಎಂದು ಷೋರೂಮಿನವರು ಹೇಳಿದರೂ ಒಪ್ಪಲಿಲ್ಲ. ಇಷ್ಟು ವರ್ಷ ನಮಗಾಗಿ ದುಡಿದಿದೆ, ಇನ್ನೊಂದು ಅವಕಾಶ ಕೊಡೋಣ ಎಂದ.

ಹೌದು... ಫ್ರಿಡ್ಜಿಗೆ!

ಊರೆಲ್ಲ ವಿಚಾರಿಸಿದ ಮೇಲೆ ಸಿಕ್ಕವನು ಬಿಜೈ ಬಡಾವಣೆಯ ಸಿರಿಲ್ ಪಿಂಟೊ. ದುಬೈಯ ಹೋಟೆಲುಗಳಲ್ಲಿ ಇಂಥ ಫ್ರಿಡ್ಜುಗಳನ್ನೇ ನೋಡಿಕೊಂಡಿದ್ದು, ಈಗ ಊರಿನಲ್ಲಿ ಅದೇ ಕೆಲಸ ಮಾಡುತ್ತಿದ್ದ. ಕೆಲಸ ಚೊಕ್ಕ... ಬಾಯಿ ಮಾತ್ರ ಹಾಗಲಕಾಯಿ. ದೊಡ್ಡವರ ಮನೆ ಎಂದರೆ ಅವನಿಗೆ ಮೊದಲಿನಿಂದಲೂ ತಾತ್ಸಾರ.

ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಬಾ ಎಂದು ಮೋಹನ್‌ದಾಸ್ ಫೋನಿನಲ್ಲಿ ಹೇಳಿದ್ದ. ತಾನು ಸಾಮಾನಲ್ಲ ಎಂದು ಹೇಳಿ ಸಿರಿಲ್ ಮುಂಬಾಗಿಲಿನ ಲಿಫ್ಟಿನಲ್ಲೇ ಬಂದ.

ಇಂಥ ಫ್ರಿಡ್ಜಿನ ಮೇಲ್ಗಡೆ ಬಿಸಿಗಾಳಿ ಹೊರಹೋಗಲು ಒಂದು ಜಾಲರಿ ಇರುತ್ತದೆ. ಮೋಹನ್‌ದಾಸ್ ಅದಕ್ಕೆ ಅಡ್ಡವಾಗಿ ಗಾಜಿನ ಶೋಕೇಸ್ ಮಾಡಿಸಿದ್ದ!

ಅದರ ತುಂಬ ಅವನಿಗೆ ಬಂದ ಫಲಕಗಳು... ‘ಸಮಾಜಸೇವಾ ಭೂಷಣ’, ‘ಬಡವರ ಬಂಧು’. ಹೆಚ್ಚಿನವು ಅವನೇ ಹೇಳಿ ಮಾಡಿಸಿಕೊಂಡವು ಎಂದು ಊರಿಗೆಲ್ಲ ಗೊತ್ತಿತ್ತು.

ಸಿರಿಲ್ ‘ಬಡವರ ಬಂಧು’ವನ್ನು ಎತ್ತಿ ಸಿಂಕಿನ ಪಕ್ಕ ಇಟ್ಟ. ಗಾಜು ಬಿಚ್ಚಿದ. ಜಾಲರಿಯೊಳಗೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಬಿಸಿ ಹೊರಹೋಗಲು ದಾರಿಯಿಲ್ಲದೆ ಫ್ಯಾನಿನ ಮೋಟಾರ್ ಸುಟ್ಟುಹೋಗಿತ್ತು.

ಧೂಳು ತೆಗೆದು ಬೇರೆ ಮೋಟಾರ್ ಹಾಕಿದ. ಸಂಜೆಯ ಹೊತ್ತಿಗೆ ಫ್ರಿಡ್ಜ್ ಮೊದಲಿನಂತೆ ತಣ್ಣಗಾಯಿತು.

ಕೆಲಸದವಳು ಬಾಗಿಲು ತೆರೆದಿಟ್ಟದ್ದರಿಂದಲೇ ಹೀಗಾಯಿತಲ್ಲವೇ ಎಂದು ಮೋಹನ್‌ದಾಸ್ ಹೆಂಡತಿಯ ಎದುರಿಗೇ ಕೇಳಿದ. ಬಾಗಿಲಿಗೂ ಇದಕ್ಕೂ ಸಂಬಂಧವಿಲ್ಲ, ನಿಮ್ಮ ಫಲಕಗಳೇ ಇದರ ಉಸಿರು ಕಟ್ಟಿಸಿದ್ದು ಎಂದ ಸಿರಿಲ್.

ಮೋಹನ್‌ದಾಸ್ ದನಿ ತಗ್ಗಿಸಿದ. ಎಲ್ಲರಿಗೂ ಬಾಗಿಲಿನದೇ ತಪ್ಪು ಎಂದು ಹೇಳಿಯಾಗಿದೆ, ಯಾರಾದರೂ ಕೇಳಿದರೆ ಹಾಗೆಯೇ ಹೇಳಿಬಿಡು ಎಂದ.

ಸಿರಿಲ್ ಸಾಮಾನಿನ ಚೀಲ ಹೆಗಲಿಗೇರಿಸಿದ.

"ನಾನು ಫ್ರಿಡ್ಜ್ ರಿಪೇರಿ ಮಾಡುವವ ಸಾರ್. ಸುಳ್ಳು ರಿಪೇರಿ ಮಾಡ್ಲಿಕ್ಕೆ ಬೇರೆ ಯಾರಾದ್ರೂ ಇದ್ರೆ ನೋಡಿ."

ವಿನೋದಿನಿ ತಲೆ ತಗ್ಗಿಸಿದಳು...

ಮರುದಿನ ಮೋಹನ್‌ದಾಸ್ ತಾನಾಗಿಯೇ ಸುಗುಣಳ ಮನೆಗೆ ಕಾರು ಹೊರಡಿಸಿದ. ಪಶ್ಚಾತ್ತಾಪವೇ? ಛೆ... ಭಾನುವಾರ ಮನೆಯಲ್ಲಿ ದೊಡ್ಡವರಿಗೆ ಊಟವಿತ್ತು. ಅವಳ ಕೈಯ ಪುಳಿಮುಂಚಿ, ಆ ಹುಳಿಖಾರದ ಮೀನಿನ ಸಾರು, ಬೇಕಾಗಿತ್ತು.

ದಾರಿ ಕೆಸರು ಎಂದು ಅವನು ಕಾರಿನಿಂದ ಇಳಿಯಲಿಲ್ಲ. ಹೆಂಡತಿಯನ್ನು ಕಳಿಸಿ, ಬೇಗ ಬರಲಿ ಎಂದು ಹಾರ್ನ್ ಹೊಡೆಯುತ್ತ ಕೂತ.

ಸುಗುಣ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ವಿನೋದಿನಿಯನ್ನು ಕಂಡು ಎದ್ದು ಚಾಪೆ ಹಾಸಿದಳು. ಊರೆಲ್ಲ ಹುಡುಕಿ ಜನ ಕರೆಸಿದ ಮೇಲೆ ಫ್ರಿಡ್ಜ್ ಸರಿಯಾಯಿತು, ನಿನ್ನದೇನೂ ತಪ್ಪಿರಲಿಲ್ಲ, ಕೆಲಸಕ್ಕೆ ಬಾ ಎಂದಳು ವಿನೋದಿನಿ.

ಸುಗುಣ ಬೀಡಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಫ್ರಿಡ್ಜಿಗೆ ಎಂತ ಆಯ್ತು ಅಂತ ತಿಳೀಲಿಕ್ಕೆ ಊರೆಲ್ಲ ಹುಡುಕಿ ಜನ ಕರೆಸಿದ್ರಿ ಅಕ್ಕ... ನನ್ನ ಹತ್ರ ಒಂದು ಮಾತು ಕೇಳ್ಲಿಲ್ಲ."

ವಿನೋದಿನಿಯ ಕಣ್ಣು ತುಂಬಿ ಬಂತು. ತಡೆಯಲಾಗಲಿಲ್ಲ... ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ತಾನು ಇನ್ನು ಆ ಮನೆಗೆ ಬರುವುದಿಲ್ಲ ಎಂದಳು ಸುಗುಣ. ಮೋಹನ್‌ದಾಸ್ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಹೆಸರು ಹಾಕಿ, ಇವಳನ್ನು ಯಾರೂ ಇಟ್ಟುಕೊಳ್ಳಬೇಡಿ ಎಂದು ಬರೆದಿದ್ದನಂತೆ. ಕೆಲಸ ಕೇಳಲು ಹೋದ ಬಾಗಿಲುಗಳೆಲ್ಲ ಮುಚ್ಚಿದ್ದವು.

"ನನ್ನ ಹೆಸರು ಹಾಳಾದದ್ದು ಅಲ್ಲಿ. ಅಲ್ಲಿಯೇ ಸರಿ ಮಾಡಿ ಅಕ್ಕ. ನನಗೆ ಬೇರೆಂತ ಬೇಡ."

ವಿನೋದಿನಿ ಫೋನ್ ತೆಗೆದಳು. ಅದೇ ಗ್ರೂಪನ್ನು ತೆರೆದಳು...

ಫ್ರಿಡ್ಜ್ ಕೆಟ್ಟದ್ದು ನಮ್ಮ ಶೋಕೇಸಿನಿಂದ. ಸುಗುಣಳ ತಪ್ಪು ಏನೂ ಇಲ್ಲ. ನಾವು ಅವಳ ಮೇಲೆ ಸುಳ್ಳು ಹೊರಿಸಿದೆವು. ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ... ಎಂದು ಬರೆದು, ಸುಗುಣಳಿಗೆ ಓದಿ ಹೇಳಿ, ಗ್ರೂಪಿಗೆ ಕಳಿಸಿದಳು.

ಹೊರಗೆ ಹಾರ್ನ್ ಥಟ್ಟನೆ ನಿಂತಿತು.

ಕಾರಿಗೆ ಬಂದವಳೊಡನೆ ಅದನ್ನು ಈಗಲೇ ಅಳಿಸು ಎಂದ ಮೋಹನ್‌ದಾಸ್. ಅವಳು ಫೋನನ್ನು ಬ್ಯಾಗಿಗೆ ಹಾಕಿಕೊಂಡು ಕಿಟಕಿಯ ಆಚೆ ನೋಡುತ್ತ ಕೂತಳು. ಮದುವೆಯಾದ ಮೇಲೆ ಗಂಡನ ಮಾತು ಮೀರಿದ್ದು ಅದೇ ಮೊದಲು.

ಮರುವಾರವೇ ಎರಡನೇ ಮಹಡಿಯ ನಿವೃತ್ತ ಟೀಚರ್ ಸುಗುಣಳನ್ನು ಕರೆದು ಅಡುಗೆಗೆ ಇಟ್ಟುಕೊಂಡರು.

ಮೋಹನ್‌ದಾಸ್ ಬದಲಾದನೇ? ಎಲ್ಲಿಯ ಮಾತು... ಶೋಕೇಸನ್ನು ಅಡುಗೆಮನೆಯಿಂದ ಹಾಲಿಗೆ ಸಾಗಿಸಿದ, ಅಷ್ಟೇ.

ಆದರೆ ಅವನು ಯಾರ ಮೇಲಾದರೂ ದನಿ ಏರಿಸಿದರೆ ಈಗ ವಿನೋದಿನಿ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದಿಲ್ಲ.

*ಕೆಟ್ಟ ಯಂತ್ರಕ್ಕೆ ಕೊಡುವಷ್ಟು ಅವಕಾಶವನ್ನೂ ಮನುಷ್ಯರಿಗೆ ಕೊಡದವನು, ಎಷ್ಟು ಎತ್ತರದ ಮಹಡಿಯಲ್ಲಿದ್ದರೂ ಕೆಳಗೇ ಇರುತ್ತಾನೆ.*

ನಿಮ್ಮ ಮನೆಯಲ್ಲಿ ಏನಾದರೂ ಹಾಳಾದಾಗ ಮೊದಲು ಕಾರಣ ಹುಡುಕುತ್ತೀರಾ... ಅಥವಾ ಬಯ್ಯಲು ಒಬ್ಬರನ್ನು ಹುಡುಕುತ್ತೀರಾ?